ಎಲೆಯಾಕಾರದ ಊರು

ಮಾರ್ಚ್ ೩, ಸೋಮವಾರ

ಈ ನೋಟ್‌ಬುಕ್ಕು ನಗರಸಭೆಯವರು ಕೊಟ್ಟದ್ದು. ಸಮಿತಿಯ ಹನ್ನೊಂದು ಜನರಿಗೂ ಒಂದೊಂದು ಕೊಟ್ಟು, ಅನಿಸಿದ್ದನ್ನು ಬರೆದಿಡಿ, ಯಾರಿಗೂ ತೋರಿಸಬೇಕಾಗಿಲ್ಲ ಎಂದರು. ಐವತ್ತು ವರ್ಷ ಬರೆಯುವುದೇ ನನ್ನ ಕಸುಬಾಗಿತ್ತು, ಆದರೆ ಬರೆದದ್ದೆಲ್ಲ ಬೇರೆಯವರ ಮಾತು. ‘ಗಾಡಿ ನಿಲ್ಲಿಸಬಾರದು.’ ‘ಕನ್ನಡಕ ರಿಪೇರಿ ಮಾಡಲಾಗುವುದು.’ ‘ಮೆಟ್ಟಿಲು ಜಾರುತ್ತದೆ, ಎಚ್ಚರ.’ ಸ್ವಂತದ್ದು ಅಂತ ಬರೆದದ್ದು ನೆಂಟರಿಷ್ಟರಿಗೆ ಹಾಕಿದ ಕಾಗದಗಳು ಮಾತ್ರ. ಈಗ ಕಾಗದ ಓದುವ ನೆಂಟರೂ ಕಡಿಮೆಯಾದರು. ಇದನ್ನು ನನಗೆ ನಾನೇ ಹಾಕಿಕೊಳ್ಳುವ ಕಾಗದ ಎಂದುಕೊಳ್ಳುತ್ತೇನೆ.

ಸಮಿತಿಯ ಕೆಲಸ ಇಷ್ಟು. ಊರಿಗೆ ಇಪ್ಪತ್ತೈದು ವರ್ಷದ ಯೋಜನೆ ಮಾಡುತ್ತಾರಂತೆ. ರಸ್ತೆ ಎಲ್ಲಿ, ಶಾಲೆ ಎಲ್ಲಿ, ನೀರಿನ ಪೈಪು ಎಲ್ಲಿ, ಎಲ್ಲ ಅದರಲ್ಲಿ ಬರುತ್ತದೆ. ಆ ಯೋಜನೆಗೆ ಒಂದು ಹೆಸರು, ಒಂದು ಲೋಗೋ, ಒಂದು ಬಣ್ಣ ಬೇಕು. ಅದನ್ನು ಊರಿನವರೇ ಆರಿಸಲಿ ಎಂದು ನಮ್ಮನ್ನು ಕರೆದಿದ್ದಾರೆ. ಪೇಟೆ ಬೀದಿಯ ಅರ್ಧ ಬೋರ್ಡುಗಳು ನನ್ನ ಕೈಯಲ್ಲಿ ಆದವು, ಹಾಗಾಗಿ ನನಗೂ ಪತ್ರ ಬಂತು. ಪತ್ರದಲ್ಲಿ ‘ಅಕ್ಷರ ಕಲಾವಿದರು’ ಎಂದು ಬರೆದಿದ್ದರು. ಸುಳ್ಳೇಕೆ ಹೇಳಲಿ, ಎರಡು ಸಲ ಓದಿಕೊಂಡೆ.

ಮಾರ್ಚ್ ೧೦, ಸೋಮವಾರ

ಸಭೆ ನಡೆಸುವವಳು ಹೊರಗಿನ ಕಂಪನಿಯ ಹುಡುಗಿ. ಮಾತಾಡುವ ಮೊದಲು ಎಲ್ಲರ ಕೈಗೂ ಅಂಟು ಚೀಟಿ ಕೊಡುತ್ತಾಳೆ. ಸಮಿತಿಯಲ್ಲಿರುವ ಔಷಧಿ ಅಂಗಡಿಯವರು ಅವಳಿಗೆ ಚೀಟಿ ಮೇಡಂ ಎಂದು ಹೆಸರಿಟ್ಟಿದ್ದಾರೆ. ಇವತ್ತಿನ ಪ್ರಶ್ನೆ: ‘ನಿಮ್ಮ ಊರು ಒಂದು ಪ್ರಾಣಿಯಾಗಿದ್ದರೆ ಯಾವ ಪ್ರಾಣಿ?’

ಔಷಧಿ ಅಂಗಡಿಯವರು ಆಮೆ ಎಂದು ಬರೆದರು. ನಿವೃತ್ತ ಹೆಡ್ ಮೇಡಂ ಇರುವೆ ಎಂದರು. ನಾನು ‘ಊರು ಊರೇ’ ಎಂದು ಬರೆದು ಅಂಟಿಸಿದೆ.

“ಅಜ್ಜ, ಸ್ವಲ್ಪ ಮನಸ್ಸು ಬಿಚ್ಚಿ” ಎಂದಳು ಚೀಟಿ ಮೇಡಂ.

“ಬಿಚ್ಚಿಯೇ ಬರೆದಿದ್ದಮ್ಮ.”

ಮೂರು ಗಂಟೆ ಕೂತೆವು. ಎದ್ದಾಗ ಗೋಡೆಯ ತುಂಬ ಆಮೆ, ಇರುವೆ, ಕುದುರೆ. ಯೋಜನೆಗೆ ಹೆಸರು ಮಾತ್ರ ಇಲ್ಲ. ತಲೆ ಚಿಟ್ಟು ಹಿಡಿಯಿತು. ಒಂದು ಅಂಗಡಿಗೆ ಹೆಸರು ಬರೆಯಬೇಕಾದರೆ ನಾನು ಕೇಳುತ್ತಿದ್ದದ್ದು ಎರಡೇ ಪ್ರಶ್ನೆ: ಏನು ಮಾರುತ್ತೀರಿ, ಎಷ್ಟು ದೂರದಿಂದ ಕಾಣಬೇಕು?

ಮಾರ್ಚ್ ೧೭, ಸೋಮವಾರ

ಹೆಸರು ಆಯಿತು. ‘ಎಲ್ಲರ ನಾಳೆ.’ ಸೂಚಿಸಿದ್ದು ಹೆಡ್ ಮೇಡಂ. ಎರಡೇ ಪದ, ಚಿಕ್ಕದು, ಎಷ್ಟು ದಪ್ಪ ಬೇಕಾದರೂ ಬರೆಯಬಹುದು. ನಾನು ಕೈ ಎತ್ತಿದೆ. ಉಳಿದವರಿಗೆ ಹಸಿವಾಗಿತ್ತು, ಅವರೂ ಎತ್ತಿದರು.

ಮಾರ್ಚ್ ೨೪, ಸೋಮವಾರ

ಇವತ್ತು ನನ್ನ ದಿನ.

ಗೋಡೆಗೆ ಊರಿನ ಹೊರಗೆರೆಯ ಚಿತ್ರ ಹಚ್ಚಿದ್ದರು. ಲೋಗೋ ಊರಿನ ಆಕಾರದಲ್ಲೇ ಇರಲಿ ಎಂದು ಕಂಪನಿಯವರ ಆಸೆ. ಊರನ್ನು ಮೇಲಿನಿಂದ ನೋಡಿದರೆ ಎಲೆಯ ಹಾಗೇ ಇದೆ, ಚೆಂದವಾಗಿದೆ. ಆದರೆ ಕೆಳಗೆ ಬಲಕ್ಕೆ, ರೈಲು ಗೇಟಿನಾಚೆ, ಮೂರು ಬೀದಿಯ ಒಂದು ಬಾಲ. ಆ ಬಾಲದಿಂದ ಎಲೆ ಎಲೆಯಂತೆ ಕಾಣದೆ ಗಾಳಿಪಟದ ಹಾಗೆ, ಸತ್ತ ಇಲಿಯ ಹಾಗೆ ಕಾಣುತ್ತಿತ್ತು. ಒಂದು ಗಂಟೆ ಎಲ್ಲರೂ ತಲೆ ಕೆರೆದುಕೊಂಡರು. ದಪ್ಪ ಗೆರೆ, ತೆಳು ಗೆರೆ, ಬೇರೆ ಬಣ್ಣ. ಏನು ಮಾಡಿದರೂ ಇಲಿ ಎದ್ದು ಹೋಗಲಿಲ್ಲ.

ನನಗೆ ತಡೆಯಲಾಗಲಿಲ್ಲ. ಪೆನ್ಸಿಲು ಇಸಿದುಕೊಂಡು, ರೈಲು ಹಳಿ ಇರುವ ಕಡೆ ಒಂದು ಬಾಗಿದ ಗೆರೆ ಎಳೆದು ಬಾಲ ಕತ್ತರಿಸಿದೆ. ಬೋರ್ಡಿನ ಕೆಲಸದಲ್ಲಿ ಇದು ದಿನನಿತ್ಯದ ಮಾತು. ಅಕ್ಷರದ ಬಾಲ ಕೆಳಗಿನ ಸಾಲಿಗೆ ತಗುಲಿದರೆ ಗಿಡ್ಡ ಮಾಡುತ್ತೇವೆ, ಓದುವವನಿಗೆ ಗೊತ್ತೂ ಆಗುವುದಿಲ್ಲ. ಕೋಣೆಯ ಆ ತುದಿಗೆ ಹೋಗಿ ನಿಂತು ನೋಡಿದೆ. ಎಲೆ ಅಂದರೆ ಎಲೆ.

ಚಪ್ಪಾಳೆ ಬಿತ್ತು. “ಇದು ಅನುಭವ ಅಂದ್ರೆ” ಎಂದಳು ಚೀಟಿ ಮೇಡಂ. ಹೆಡ್ ಮೇಡಂ ನಡಾವಳಿ ಪುಸ್ತಕದಲ್ಲಿ ಬರೆದುಕೊಂಡರು.

ಗೇಟಿನಾಚೆ ನನ್ನ ತಂಗಿ ಇದ್ದಾಳೆ. ಚಿತ್ರದಲ್ಲಿ ಯಾರ ಮನೆಯೂ ಕಾಣುವುದಿಲ್ಲವಲ್ಲ, ಅವಳದ್ದೂ ಕಾಣುವುದಿಲ್ಲ. ಬಟ್ಟೆ ಅಂಗಡಿಗೆ, ಬೇಕರಿಗೆ ರಟ್ಟಿನ ಡಬ್ಬಿ ಮಡಚಿ ಕೊಡುವುದು ಅವಳ ಕೆಲಸ. ಗಂಡ ತೀರಿಕೊಂಡ ಮೇಲೆ ಅದರಲ್ಲೇ ನಿಂತಳು. ನಾನು ಅಲ್ಲಿಗೆ ಹೋಗಿ ಎಂಟು ತಿಂಗಳಾಯಿತೋ, ಒಂಬತ್ತೋ. ಗೇಟು ಯಾವಾಗಲೂ ಹಾಕಿರುತ್ತದೆ, ಯಾರು ಕಾಯುತ್ತಾರೆ?

ಏಪ್ರಿಲ್ ೬, ಭಾನುವಾರ

ಸಭಾಂಗಣದಲ್ಲಿ ಜನರ ಅಭಿಪ್ರಾಯ ತೆಗೆದುಕೊಳ್ಳುವ ದಿನ. ಮಂಚದಷ್ಟು ದೊಡ್ಡ ಹಸಿರು ಎಲೆ ಗೋಡೆಗೆ ಹಚ್ಚಿ, ಅದರ ಮೇಲೆ ರಸ್ತೆಗಳನ್ನು ಬರೆದಿದ್ದರು. ಬಂದವರ ಕೈಗೆ ಬಣ್ಣದ ಬೊಟ್ಟು. ನಿಮ್ಮ ಬೀದಿಯಲ್ಲಿ ನೀರು ಬೇಕಿದ್ದರೆ ನೀಲಿ, ರಸ್ತೆ ಬೇಕಿದ್ದರೆ ಕೆಂಪು, ಆಸ್ಪತ್ರೆಗೆ ಹಳದಿ. ಸಮಿತಿಯವರು ಪಕ್ಕದಲ್ಲಿ ನಿಂತು ವಿವರಿಸಬೇಕು. ನಾನು ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ನಿಂತಿದ್ದೆ.

ತಂಗಿಯೂ ಬಂದಳು, ಹಿಂದೆ ಗೇಟಿನಾಚೆಯವರು ಒಂದು ಗುಂಪು. ಎಲೆಯನ್ನು ಮೇಲಿಂದ ಕೆಳಗೆ ನೋಡಿದಳು.

“ಅಣ್ಣ, ಇದ್ರಲ್ಲಿ ನಮ್ಮನೆ ಎಲ್ಲಿ ಬರುತ್ತೆ?”

“ಇದು ಬರೀ ಗುರುತಮ್ಮ. ಎಲ್ಲಾದ್ರೂ ಒಂದು ಕಡೆ ಅಂಟಿಸು.”

“ಎಲ್ಲಾದ್ರೂ ಅಂಟಿಸೋಕೆ ನಮ್ಮನೆ ಎಲ್ಲಾದ್ರೂ ಇದೆಯಾ?”

ಎಲ್ಲರೂ ನೋಡುತ್ತಿದ್ದರು. ಅವಳು ಎಲೆಯ ಅಂಚಿನಿಂದ ನಾಲ್ಕು ಬೆರಳು ಅಳತೆ ಹಿಡಿದು, ಬಿಳಿ ಗೋಡೆಯ ಮೇಲೆ ನೀಲಿ ಬೊಟ್ಟು ಒತ್ತಿದಳು. “ಇಲ್ಲಿ” ಎಂದಳು. ಹಿಂದಿದ್ದ ವೆಲ್ಡಿಂಗ್‌ನವನು ಅದರ ಪಕ್ಕಕ್ಕೆ ಒಂದು ಅಂಟಿಸಿ, “ಅಕ್ಕ, ನಿಮ್ಮ ಗೋಡೆಗೆ ನಮ್ಮ ಗೋಡೆ ತಾಗಿದೆ, ಸ್ವಲ್ಪ ಜರುಗಿ” ಎಂದ. ನಗುತ್ತ ನಗುತ್ತ ಒಬ್ಬೊಬ್ಬರೂ ತಮ್ಮ ಮನೆ ಹುಡುಕಿ ಅಂಟಿಸಿದರು. ಮೂರು ಬೀದಿಯೂ ಗೋಡೆಯ ಮೇಲೆ ಸರಿಯಾಗಿ ಎದ್ದು ನಿಂತವು. ನನಗೆ ಮಾತ್ರ ಮರ್ಯಾದೆ ಹೋದ ಹಾಗಾಯಿತು. ಕೊಟ್ಟ ಜಾಗದಲ್ಲಿ ಅಂಟಿಸಲು ಏನು ಕಷ್ಟ ಇವರಿಗೆ?

ಏಪ್ರಿಲ್ ೯, ಬುಧವಾರ

ಗೋಡೆಯ ಬೊಟ್ಟುಗಳನ್ನು ಕೆರೆದು ತೆಗೆದಿದ್ದಾರೆ. ಹಾಳೆಯ ಮೇಲಿದ್ದದ್ದು ಮಾತ್ರ ಲೆಕ್ಕ, ಯಂತ್ರಕ್ಕೆ ಗೋಡೆ ಓದಲು ಬರುವುದಿಲ್ಲ ಎಂದಳು ಚೀಟಿ ಮೇಡಂ.

ಮೇ ೫, ಸೋಮವಾರ

ಕರಡು ಯೋಜನೆ ಅಚ್ಚಾಗಿ ಬಂತು. ಮುಖಪುಟದಲ್ಲಿ ನನ್ನ ಎಲೆ. ಕೈಯಲ್ಲಿ ಹಿಡಿದು ದೂರಕ್ಕೆ ಚಾಚಿ ನೋಡಿದೆ, ಹತ್ತಿರ ತಂದು ನೋಡಿದೆ. ಖುಷಿಯಾಯಿತು.

ನಲವತ್ತೊಂದನೇ ಪುಟದವರೆಗೂ.

ಅಲ್ಲಿ ರೈಲು ಗೇಟಿನಾಚೆಯ ಜಾಗಕ್ಕೆ ಬೂದು ಬಣ್ಣ ಹಚ್ಚಿ, ‘ಬೇಡಿಕೆ ದಾಖಲಾಗದ ಪ್ರದೇಶ. ಪ್ರಸ್ತಾವಿತ ಬಳಕೆ: ಲಾರಿ ನಿಲ್ದಾಣ’ ಎಂದು ಬರೆದಿದೆ. ಮನೆ ಮನೆ ಸಮೀಕ್ಷೆಯೂ ಅಲ್ಲಿ ನಡೆಯುವುದಿಲ್ಲವಂತೆ, ಬೇಡಿಕೆ ಇಲ್ಲದ ಕಡೆ ಸಮೀಕ್ಷೆ ಯಾಕೆ ಎಂದು. ನೂರೆಪ್ಪತ್ತು ಮನೆ ಇವೆ. ಆಕ್ಷೇಪಣೆಗೆ ಮೂವತ್ತು ದಿನ, ಜೂನ್ ನಾಲ್ಕರವರೆಗೆ.

ಇದೇನೋ ಅಚ್ಚಿನ ತಪ್ಪು ಇರಬೇಕು. ನಾಳೆ ಹೋಗಿ ಹೇಳಿದರೆ ಸರಿಹೋಗುತ್ತದೆ.

ಮೇ ೭, ಬುಧವಾರ

ಸರಿಹೋಗಲಿಲ್ಲ. ಚೀಟಿ ಮೇಡಂ ಪಾಪ, ಕೂರಿಸಿ ಚಹಾ ಕೊಟ್ಟಳು. ಆಮೇಲೆ ಅರವತ್ತೆರಡು ಪುಟದ ಒಂದು ಪುಸ್ತಕ ತೋರಿಸಿದಳು. ಲೋಗೋವನ್ನು ಹೇಗೆ ಬಳಸಬೇಕು ಎಂಬುದರ ನಿಯಮಗಳು. ಎಲೆಯನ್ನು ಹಿಗ್ಗಿಸಬಾರದು, ಕುಗ್ಗಿಸಬಾರದು, ಅದಕ್ಕೆ ಏನನ್ನೂ ಸೇರಿಸಬಾರದು. ಕೊನೆಯ ಪುಟದಲ್ಲಿ ಹನ್ನೊಂದು ಸಹಿ. ನನ್ನದು ಎಲ್ಲಕ್ಕಿಂತ ಚೆಂದ.

“ಲೋಗೋ ಬೇಡಮ್ಮ, ಹಾಗೇ ಇರಲಿ. ನಕ್ಷೆ ಸರಿ ಮಾಡಿ ಸಾಕು.”

“ನಕ್ಷೆ ಬೇರೆ ವಿಭಾಗ ಅಜ್ಜ. ನಾವು ಅವರಿಗೆ ಆಕಾರ ಕೊಟ್ವಿ, ಅವರು ಅದರ ಮೇಲೆ ಮಾಡಿದ್ರು.”

“ನೀವು ಕೊಟ್ಟಿದ್ದು ಗುರುತು. ಅವರು ಅದನ್ನ ಊರು ಅಂದ್ಕೊಂಡ್ರೆ?”

“ಅದನ್ನ ನಗರಸಭೆ ಇಂಜಿನಿಯರ್ ಹತ್ರ ಕೇಳ್ಬೇಕು.”

ಮೇ ೯, ಶುಕ್ರವಾರ

ಇಂಜಿನಿಯರ ಬಾಗಿಲಲ್ಲಿ ಒಂದೂವರೆ ದಿನ ಕಾಲು ಸವೆಸಿದೆ. ಒಳ್ಳೆಯವರೇ, ಎದ್ದು ನಿಂತು ಮಾತಾಡಿಸಿದರು. ಅವರ ಬಾಗಿಲ ಮೇಲಿನ ಹೆಸರೂ ನಾನು ಬರೆದದ್ದೇ.

“ಆ ಜಾಗ ಯೋಜನೆಗೆ ಸೇರ್ಬೇಕು ಅಂದ್ರೆ ಸಮೀಕ್ಷೆ ಆಗಿರ್ಬೇಕು” ಎಂದರು.

“ಮಾಡಿಸಿ ಸ್ವಾಮಿ.”

“ಸಮೀಕ್ಷೆ ಆಗ್ಬೇಕು ಅಂದ್ರೆ ಯೋಜನೆಯಲ್ಲಿ ಇರ್ಬೇಕು.”

ನಾನು ಅವರ ಮುಖ ನೋಡಿದೆ. ಅವರು ಫ್ಯಾನು ನೋಡಿದರು. “ನಂಗೂ ಗೊತ್ತು ಯಜಮಾನ್ರೆ. ಅಲ್ಲಿರೋರು ಎಲ್ರೂ ಸಹಿ ಹಾಕಿ ಆಕ್ಷೇಪಣೆ ಕೊಡ್ಲಿ, ನೋಡೋಣ” ಎಂದರು.

ಗೇಟಿನಾಚೆಯವರಿಗೆ ಹೇಳಲೇಬೇಕು. ಬೇರೆ ದಾರಿಯಿಲ್ಲ.

ಮೇ ೧೧, ಭಾನುವಾರ

ತಂಗಿಯ ಮನೆಗೆ ಹೋದೆ. ಮುಂದಿನ ಕೋಣೆ ತುಂಬ ಚಪ್ಪಟೆ ರಟ್ಟು, ನಡೆಯಲು ಅಂಗೈ ಅಗಲ ದಾರಿ. ಕೈ ನಿಲ್ಲಿಸದೆ, “ಯಾರು ಸತ್ರು?” ಎಂದಳು.

“ಯಾರೂ ಇಲ್ಲ.”

“ಮತ್ತೆ ನೀನು ಬಂದಿದ್ದೀಯಲ್ಲ.”

ಲಾರಿ ನಿಲ್ದಾಣದ ಪುಟ ತೋರಿಸಿದೆ. ಓದಿದಳು. ಬಾಗಿಲಿಗೆ ಹೋಗಿ ವೆಲ್ಡಿಂಗ್‌ನವನನ್ನು ಕೂಗಿದಳು. ಅವನು ಓದಿ, ಮುಖವಾಡ ಹಣೆಗೇರಿಸಿಕೊಂಡು, “ನಮ್ಮನ್ನ ಯಾರು ಬಿಟ್ಟಿದ್ದು?” ಎಂದು ಕೇಳಿದ. ನಕ್ಷೆ ಮಾಡಿದವರು ಎಂದೆ. ಅದು ಸುಳ್ಳೇನಲ್ಲ.

ಸಂಜೆಯ ಹೊತ್ತಿಗೇ ಜನ ಮನೆಯಲ್ಲಿ ಸಿಗುವುದು. ಒಂದು ಬೀದಿ ಮುಗಿಸುವಷ್ಟರಲ್ಲಿ ಮೂವತ್ತು ಸಹಿ. ಗೂಡ್ಸ್ ಗಾಡಿ ನಿಂತು ಗೇಟು ತೆಗೆಯಲೇ ಇಲ್ಲ, ರಟ್ಟಿನ ಕಟ್ಟಿನ ಮೇಲೆ ಹಾಸಿಗೆ ಹಾಕಿಕೊಟ್ಟಳು. ಬೆನ್ನು ಹಿಡಿದುಕೊಂಡಿದೆ. ನಾಳೆ ಹೋಗಿ ನನ್ನ ಕೋಣೆಯಲ್ಲಿ ಸರಿಯಾಗಿ ಮಲಗಬೇಕು.

ಮೇ ೧೪, ಬುಧವಾರ

ಎರಡನೇ ಬೀದಿಯವರು ಒಬ್ಬೊಬ್ಬರೂ ಒಂದೊಂದು ಕಥೆ ಹೇಳದೆ ಸಹಿ ಹಾಕುವುದಿಲ್ಲ. ಒಬ್ಬಾಕೆ ಪೆನ್ನು ಹಿಡಿದೇ, ನಲ್ಲಿಯಲ್ಲಿ ನೀರು ಬರುವ ದಿನ ತನ್ನ ಅತ್ತೆ ಹೇಗೆ ಜಗಳ ಶುರು ಮಾಡುತ್ತಾಳೆ ಎಂದು ಮುಕ್ಕಾಲು ಗಂಟೆ ಹೇಳಿದಳು. ಅತ್ತೆ ಪಕ್ಕದಲ್ಲೇ ಕೂತು, “ಅದು ಬಿಟ್ಟೆ, ಇದು ಬಿಟ್ಟೆ” ಎಂದು ತಿದ್ದುತ್ತಿದ್ದಳು. ಕೊನೆಗೆ ಇಬ್ಬರೂ ಸಹಿ ಹಾಕಿದರು.

ತಂಗಿ ಮಡಚಿದ ಡಬ್ಬಿಗಳ ಅಂಚು ಓರೆಯಾಗಿತ್ತು. ಹೇಳಿದೆ. “ನೀನೇ ಮಡಚು” ಎಂದು ಎದುರಿಗೆ ಹಾಕಿದಳು. ಕನ್ನಡಕ, ಎರಡು ಶರ್ಟು, ಮಂಡಿಯ ಎಣ್ಣೆ ತಂದುಕೊಂಡಿದ್ದೇನೆ, ಸಹಿ ಮುಗಿಯುವವರೆಗೆ ಓಡಾಟ ತಪ್ಪಲಿ ಎಂದು.

ಮೇ ೨೦, ಮಂಗಳವಾರ

ಇನ್ನೂರ ಹದಿಮೂರು ಸಹಿ. ಅಂದವಾಗಿ ದಾರ ಹಾಕಿ ಕಟ್ಟಿ ತೆಗೆದುಕೊಂಡು ಹೋದೆ. ಕಿಟಕಿಯಲ್ಲಿ ಕೂತವನು ಹಾಳೆ ತಿರುಗಿಸಿ, “ಯೋಜನಾ ನಕ್ಷೆಯಲ್ಲಿನ ನಿವೇಶನ ಸಂಖ್ಯೆ ಎಲ್ಲಿ?” ಎಂದ.

“ನಕ್ಷೆಯಲ್ಲಿ ಇಲ್ಲ ಅಂತಾನೇ ಅಲ್ವೇನಪ್ಪ ಆಕ್ಷೇಪಣೆ?”

“ಸಂಖ್ಯೆ ಇಲ್ದೆ ತಗೊಳ್ಳೋಕೆ ಬರಲ್ಲ ಅಜ್ಜ. ಆ ಕಾಲಂ ಖಾಲಿ ಬಿಟ್ರೆ ಕಂಪ್ಯೂಟರ್ ಮುಂದಕ್ಕೆ ಹೋಗಲ್ಲ.”

“ಕಂಪ್ಯೂಟರ್ ಹೋಗದಿದ್ರೆ ಬೇಡ, ನೀನು ಎದ್ದು ಹೋಗಿ ಒಳಗೆ ಕೊಡು.”

ಹಿಂದೆ ನಿಂತವರು ನಕ್ಕರು. ಅವನು ಏಳಲಿಲ್ಲ. ಬಿಸಿಲಲ್ಲಿ ಗೇಟಿನ ಹತ್ತಿರ ನಲವತ್ತು ನಿಮಿಷ ನಿಂತೆ. ವ್ಯಾಗನ್ನುಗಳನ್ನು ಎಣಿಸಿದೆ. ಐವತ್ತೆಂಟು.

ಮೇ ೨೩, ಶುಕ್ರವಾರ

ಏನೂ ಆಗಲಿಲ್ಲ. ಬರೆಯಲು ಮನಸ್ಸಿಲ್ಲ. ಇನ್ನೂರು ಡಬ್ಬಿ ಮಡಚಿದೆ.

ಮೇ ೨೫, ಭಾನುವಾರ

ಹೆಡ್ ಮೇಡಂ ಹುಡುಕಿಕೊಂಡು ಗೇಟಿನಾಚೆಗೇ ಬಂದರು. ಮೊದಲು ನನ್ನ ಕೋಣೆಗೆ ಹೋಗಿದ್ದರಂತೆ. ಕೆಳಗಿನ ಗಾಜಿನ ಅಂಗಡಿಯವನು, ಅವರು ಈಗ ಆ ಕಡೆನೇ ಎಂದನಂತೆ. ಅವನಿಗೆ ಯಾಕೆ ಬೇಕು ಈ ಮಾತು? ಕೆಲಸಕ್ಕೆ ಬಂದು ನಾಲ್ಕು ದಿನ ಇದ್ದರೆ ಆ ಕಡೆನೇ ಆಗುತ್ತದೆಯೇ?

ತಂಗಿ ಅಂಗಡಿಗೆ ಡಬ್ಬಿ ಕೊಡಲು ಹೋಗಿದ್ದಳು. ಹೆಡ್ ಮೇಡಂ ನಡಾವಳಿ ಪುಸ್ತಕ ತೆಗೆದು ಓದಿದರು: ‘ಬೋರ್ಡು ಬರೆಯುವ ಹಿರಿಯ ಸದಸ್ಯರ ಸಲಹೆಯಂತೆ, ಅಂದದ ದೃಷ್ಟಿಯಿಂದ, ರೈಲು ಗೇಟಿನಾಚೆಯ ಬಾಲವನ್ನು ಕೈಬಿಡಲು ಸಮಿತಿ ಒಪ್ಪಿತು.’

“ಇಂಜಿನಿಯರ್ ಜೊತೆ ಕೂತು ನಿಯಮ ನೋಡಿದೆ” ಎಂದರು. “ಸಮಿತಿ ತನ್ನ ತೀರ್ಮಾನದಲ್ಲಿ ತಪ್ಪಾಗಿದೆ ಅಂತ ಬರೆದ್ರೆ, ತಪ್ಪಿನಿಂದ ಬಿಟ್ಟುಹೋದ ಜಾಗ ಅಂತ ಆಗುತ್ತೆ. ಆಗ ಸಮೀಕ್ಷೆ ಮಾಡ್ಲೇಬೇಕು, ಅವರಿಗೆ ಬೇರೆ ದಾರಿ ಇಲ್ಲ. ಆದ್ರೆ ಸಲಹೆ ಕೊಟ್ಟವರೇ ಎದ್ದು ನಿಂತು, ನಾನು ಮಾಡಿದ್ದು ತಪ್ಪು ಅನ್ಬೇಕು. ಬರೆದೂ ಕೊಡ್ಬೇಕು.”

“ಎಲೆಗೆ ಆ ಗೆರೆ ಸರಿಯಾಗೇ ಇತ್ತು ಮೇಡಂ. ಲೋಗೋ ತಗೊಂಡು ಹೋಗಿ ನಕ್ಷೆ ಮಾಡಿದ್ದು ಯಾರು? ಅವರದ್ದಲ್ವಾ ತಪ್ಪು?”

“ಅವರದ್ದೇ.”

“ಮತ್ತೆ?”

“ಅವರ ತಪ್ಪು ಅಂತ ಸಾಬೀತು ಮಾಡೋಕೆ ಕೋರ್ಟಿಗೆ ಹೋಗ್ಬೇಕು. ನಿಮ್ಮ ತಪ್ಪು ಅನ್ನೋಕೆ ಒಂದು ಸಹಿ ಸಾಕು.”

ಐವತ್ತು ವರ್ಷದಲ್ಲಿ ಒಂದು ಬೋರ್ಡನ್ನೂ ಯಾರೂ ವಾಪಸು ತಂದಿಲ್ಲ. ಒಂದು ಅಕ್ಷರ ಅಳಿಸಿ ಬರೆದಿಲ್ಲ. ಊರಲ್ಲಿ ನನಗಿರುವ ಹೆಸರು ಅದೊಂದೇ. ಅದನ್ನು ಹನ್ನೊಂದು ಜನರ ಎದುರು, ನಾನು ಮಾಡದ ತಪ್ಪಿಗೆ, ಯಾಕೆ ಒಪ್ಪಿಸಲಿ? ಹೆಡ್ ಮೇಡಂಗೆ ಹಾಗೇ ಹೇಳಿ ಕಳಿಸಿದೆ. ಚಹಾ ಕೂಡ ಕೇಳಲಿಲ್ಲ.

ಮೇ ೨೬, ಸೋಮವಾರ

ಕಂಪನಿಗೆ ಒಂದು ಪತ್ರ, ನಗರಸಭೆಗೆ ಒಂದು, ನಕ್ಷೆ ವಿಭಾಗಕ್ಕೆ ಒಂದು. ತಪ್ಪು ಯಾರದು ಎಂದು ಮೂರರಲ್ಲೂ ಬಿಡಿಸಿ ಬಿಡಿಸಿ ಬರೆದೆ. ಮೂರು ಕಡೆಯೂ ‘ಸ್ವೀಕರಿಸಲಾಗಿದೆ’ ಎಂಬ ಮುದ್ರೆ ಹಾಕಿಕೊಟ್ಟರು. ಮುದ್ರೆಯ ಅಕ್ಷರ ಓರೆ.

ಮೇ ೨೮, ಬುಧವಾರ

ಇವತ್ತು ಬೆಳಿಗ್ಗೆ ಕೆಂಪು ಬಣ್ಣದ ಡಬ್ಬ ಹಿಡಿದ ಇಬ್ಬರು ಬಂದು ಮೂರೂ ಬೀದಿಯ ತುದಿಯಲ್ಲಿ ಗೋಡೆಗೆ ಅಡ್ಡ ಗೆರೆ ಎಳೆದು ಹೋದರು. ನಿಲ್ದಾಣದ ಗಡಿ ಗುರುತಂತೆ. ಎರಡನೇ ಬೀದಿಯ ಆ ಅತ್ತೆ ಸೊಸೆಯನ್ನು ಕರೆದುಕೊಂಡು ಬಂದಳು. “ಅಣ್ಣ, ನೀವು ಓದಿದೋರು. ಸಾಮಾನು ಕಟ್ಬೇಕಾ?” ಎಂದು ಕೇಳಿದಳು. ಬೇಡ ಎಂದೆ. ಯಾಕೆ ಬೇಡ ಎಂದು ಹೇಳಲು ಬಾಯಿ ಬರಲಿಲ್ಲ.

ಅವರು ಹೋದ ಮೇಲೆ ತಂಗಿಗೆ ಹೇಳಿದೆ. ಪೆನ್ಸಿಲು, ಎಲೆ, ಇಲಿ, ಚಪ್ಪಾಳೆ, ಎಲ್ಲ. ಅವಳು ಡಬ್ಬಿ ಮಡಚುತ್ತಲೇ ಕೇಳಿಸಿಕೊಂಡಳು.

“ಎಷ್ಟು ಹೊತ್ತು ಹಿಡೀತು?”

“ಏನು?”

“ನಮ್ಮನ್ನ ಕತ್ತರಿಸೋಕೆ.”

“ಒಂದೇ ಗೆರೆ.”

“ಒಂದೇ ಗೆರೆ” ಎಂದಳು. ಮತ್ತೊಂದು ರಟ್ಟು ತೆಗೆದುಕೊಂಡಳು, ಮಡಚಿದಳು, ಬದಿಗಿಟ್ಟಳು. ಬೈದಿದ್ದರೆ ನಾನೂ ಬೈಯುತ್ತಿದ್ದೆ. ಅದು ಲೋಗೋ, ನಕ್ಷೆಯಲ್ಲ ಎಂದು ಮತ್ತೆ ಶುರು ಮಾಡುತ್ತಿದ್ದೆ, ಪತ್ರದಲ್ಲಿ ಬರೆದದ್ದೆಲ್ಲ ನಾಲಿಗೆ ತುದಿಯಲ್ಲೇ ಇತ್ತು. ಅವಳು ಅವಕಾಶವನ್ನೇ ಕೊಡಲಿಲ್ಲ.

“ನಿಂಗೆ ಗೊತ್ತಿತ್ತಲ್ಲ ನಾನಿಲ್ಲಿದ್ದೀನಿ ಅಂತ” ಎಂದಳು.

“ಗೊತ್ತಿತ್ತು.”

“ಸರಿ. ಏಳು, ಊಟ ಆರಿಹೋಗುತ್ತೆ.”

ಮೇ ೩೦, ಶುಕ್ರವಾರ

ವಿಷಯ ಬೀದಿಗೆಲ್ಲ ಗೊತ್ತಾಗಿದೆ. ಆದರೂ ಯಾರೂ ನನ್ನೊಡನೆ ಮಾತು ಬಿಟ್ಟಿಲ್ಲ. ವೆಲ್ಡಿಂಗ್‌ನವನು ಮಾತ್ರ, “ಅಣ್ಣ, ನಿಮ್ಮ ಕೈಗೆ ಪೆನ್ಸಿಲ್ ಕೊಡೋಕೆ ಭಯ ಆಗುತ್ತೆ” ಎಂದ. ಎಲ್ಲರೂ ನಕ್ಕರು, ನಾನೂ ಹಲ್ಲು ಕಚ್ಚಿಕೊಂಡು ನಕ್ಕೆ. ಮಾತು ಬಿಟ್ಟಿದ್ದರೆ ಸಿಟ್ಟು ಮಾಡಿಕೊಂಡು ನನ್ನ ಕೋಣೆಗೆ ಹೋಗಬಹುದಿತ್ತು. ಮಂಡಿನೋವಿಗೆ ಎದುರು ಮನೆಯವರು ಬಿಸಿನೀರು ಕಾಯಿಸಿ ಕಳಿಸುತ್ತಾರೆ. ಹೇಗೆ ಹೋಗುವುದು?

ಹೆಡ್ ಮೇಡಂಗೆ ಫೋನು ಮಾಡಿ, ಸೋಮವಾರದ ಸಭೆಗೆ ನನ್ನ ವಿಷಯ ಹಾಕಿಕೊಳ್ಳಿ ಎಂದೆ. ಅವರು “ಹಾಕಿದ್ದೀನಿ” ಎಂದರು. ಕೇಳುವ ಮೊದಲೇ ಹಾಕಿದ್ದಾರೆ. ಈ ಹೆಂಗಸಿನ ಜೊತೆ ಹೇಗೆ ಏಗುವುದು?

ಜೂನ್ ೨, ಸೋಮವಾರ

ಹೇಳಬೇಕಾದದ್ದನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿದ್ದೆ. ಅಕ್ಷರ ಎಂದಿನ ಹಾಗೆ ಬರಲಿಲ್ಲ, ಸಾಲು ಕೆಳಗೆ ಜಾರಿತ್ತು. ಅದನ್ನೇ ಓದಿದೆ.

“ಮಾರ್ಚ್ ಇಪ್ಪತ್ತನಾಲ್ಕರಂದು ಊರಿನ ಆಕಾರದಿಂದ ಮೂರು ಬೀದಿಗಳನ್ನು ತೆಗೆಯಲು ಸಲಹೆ ಕೊಟ್ಟವನು ನಾನು. ಅಲ್ಲಿ ಜನ ಇದ್ದಾರೆಂದು ನನಗೆ ಗೊತ್ತಿತ್ತು. ಅದು ತಪ್ಪು.”

ಚೀಟಿ ಮೇಡಂ ಕೆಂಪಾದಳು. “ಅಜ್ಜ, ಬೋರ್ಡು, ಬ್ಯಾನರು, ಬಸ್ಸಿನ ಮೇಲೆ, ಎಲ್ಲ ಕಡೆ ಹಾಕಿ ಆಗಿದೆ. ಈಗ ತಪ್ಪು ಅಂದ್ರೆ ನಾನು ಏನಂತ ಹೇಳ್ಲಿ?”

“ನನ್ನ ಹೆಸರು ಹೇಳಮ್ಮ.”

ಅವಳ ಕಣ್ಣಲ್ಲಿ ನೀರು ನಿಂತಿತ್ತು. ಅವಳಿಗೂ ಮೇಲೆ ಯಾರೋ ಇದ್ದಾರೆ, ಬೈಯುತ್ತಾರೆ. ಆ ಕಂಪನಿಯ ಮೇಲೆ ಸಿಟ್ಟು ಬರುತ್ತದೆ, ಈ ಹುಡುಗಿಯ ಮೇಲೆ ಮಾಡಿಕೊಳ್ಳಲು ಆಗುವುದಿಲ್ಲ.

ಔಷಧಿ ಅಂಗಡಿಯವರು ಎದ್ದರು. “ವಯಸ್ಸಾದ ಮೇಲೆ ಕಣ್ಣು ಮೋಸ ಮಾಡುತ್ತೆ. ಪಾಪ, ಇಂಥ ಕೆಲಸಕ್ಕೆ ಇವರನ್ನ ಕರೀಬಾರದಿತ್ತು” ಎಂದರು, ನನ್ನ ಪರವಾಗಿ ಎಂಬಂತೆ. ಅವರ ಅಂಗಡಿಯ ಬೋರ್ಡು ನಾನು ಬರೆದು ಇಪ್ಪತ್ತೆರಡು ವರ್ಷವಾಯಿತು. ಇವತ್ತಿಗೂ ಬೀದಿಯ ಆ ತುದಿಗೆ ಕಾಣುತ್ತದೆ. ಕಣ್ಣು ಸರಿಯಾಗಿತ್ತು ಎನ್ನಬೇಕೆನಿಸಿತು. ಹಾಗೆ ಹೇಳಿದರೆ ಸಮಿತಿ ಮತ್ತೆ ಚರ್ಚೆಗೆ ಬೀಳುತ್ತದೆ. ಸುಮ್ಮನೆ ಕೂತೆ.

ಕೈ ಎತ್ತಿದವರು ಆರು, ಎತ್ತದವರು ಐದು. ಹೆಡ್ ಮೇಡಂ ಬರೆದುಕೊಂಡರು. ನಾನು ಸಹಿ ಹಾಕಿದೆ.

ಜೂನ್ ೪, ಬುಧವಾರ

ಕೊನೆಯ ದಿನ ಇಂಜಿನಿಯರ ಆದೇಶ ಬಂತು. ಲಾರಿ ನಿಲ್ದಾಣದ ಪ್ರಸ್ತಾವ ತಡೆಹಿಡಿಯಲಾಗಿದೆ. ಬಿಟ್ಟುಹೋದ ಪ್ರದೇಶದಲ್ಲಿ ಹದಿನೈದು ದಿನದೊಳಗೆ ಮನೆ ಮನೆ ಸಮೀಕ್ಷೆ ನಡೆಸಿ, ಯೋಜನೆಗೆ ಸೇರಿಸಬೇಕು.

ಲೋಗೋ ಬದಲಾಗುವುದಿಲ್ಲ. ಅದು ಹಾಗೇ ಇರುತ್ತದೆ, ಬಾಲವಿಲ್ಲದೆ. ಇದೂ ಆದೇಶದಲ್ಲಿದೆ. ನನ್ನನ್ನು ‘ಆರೋಗ್ಯದ ದೃಷ್ಟಿಯಿಂದ’ ಸಮಿತಿಯಿಂದ ಬಿಡುಗಡೆ ಮಾಡಿದ್ದಾರೆ. ನನ್ನ ಆರೋಗ್ಯಕ್ಕೆ ಏನಾಗಿದೆ? ಮಂಡಿ ಬಿಟ್ಟರೆ ಎಲ್ಲ ಗಟ್ಟಿ.

ವೆಲ್ಡಿಂಗ್‌ನವನಿಗೆ ಓದಿ ಹೇಳಿದೆ. ಅವನು ಎರಡನೇ ಸಲ ಓದಿಸಿದ. ಆಮೇಲೆ ತಂತಿಬ್ರಷ್ಷು ತಂದು ನಮ್ಮ ಬೀದಿಯ ತುದಿಯ ಕೆಂಪು ಗೆರೆ ಉಜ್ಜತೊಡಗಿದ. “ಗಾರೆ ಕಿತ್ತು ಬರುತ್ತೆ, ಹಾಗಲ್ಲ” ಎಂದು ಕೈಯಿಂದ ಇಸಿದುಕೊಂಡು, ಥಿನ್ನರ್ ಹಚ್ಚಿ ನಾನೇ ತೆಗೆದೆ. ಮೂರೂ ಬೀದಿ ಮುಗಿಯುವಾಗ ಮಧ್ಯಾಹ್ನ ಎರಡು ಗಂಟೆ.

ಜೂನ್ ೯, ಸೋಮವಾರ

ಸಮೀಕ್ಷೆಯವರ ಸುಳಿವಿಲ್ಲ. ನಗರಸಭೆಗೆ ಹೋಗಿ ಕೇಳಿದೆ. ನಾನು ಈಗ ಸಮಿತಿಯಲ್ಲಿಲ್ಲ, ಹಾಗಾಗಿ ಮಾಹಿತಿ ಕೊಡಲು ಬರುವುದಿಲ್ಲವಂತೆ. ಹಾಗಾದರೆ ನಿವಾಸಿ ಅಂತ ಕೇಳುತ್ತೇನೆ ಎಂದೆ. ಯಾವ ಬೀದಿ ಎಂದ ಕಿಟಕಿಯವನು. ಗೇಟಿನಾಚೆ ಎಂದೆ, ಇನ್ನೇನು ಹೇಳುವುದು, ಅದರ ವಿಷಯ ಕೇಳಲು ತಾನೇ ಹೋದದ್ದು. ಗುರುವಾರ ಬರುತ್ತಾರೆ ಎಂದ.

ಜೂನ್ ೧೨, ಗುರುವಾರ

ಬಂದರು. ಹನ್ನೊಂದು ಗಂಟೆಗೆ ಬರುತ್ತೇವೆಂದು ಹೇಳಿ ಮೂರೂವರೆಗೆ. ನಮ್ಮ ಬೀದಿಗೆ ಬಂದದ್ದು ಸಣ್ಣಗಿರುವ ಒಬ್ಬ ಹೆಂಗಸು, ಕುತ್ತಿಗೆಗೆ ಗುರುತಿನ ಚೀಟಿ, ಕೈಯಲ್ಲಿ ಸ್ಲೇಟಿನಂಥ ಕಂಪ್ಯೂಟರ್. ತಂಗಿ ರಟ್ಟು ಸರಿಸಿ ಕೂರಲು ಜಾಗ ಮಾಡಿದಳು.

“ಮನೇಲಿ ಎಷ್ಟು ಜನ?”

“ಇಬ್ಬರು” ಎಂದಳು ತಂಗಿ.

ನಾನು ಒಳಗಿನಿಂದ ಬಂದೆ. “ಇಲ್ಲಮ್ಮ, ಒಬ್ಬಳೇ. ನಂದು ಬೇರೆ ಕೋಣೆ ಇದೆ, ಗೇಟಿನಾಚೆ, ಪೇಟೆ ಬೀದೀಲಿ. ನಾನು ಇಲ್ಲಿ ಈ ಕೆಲಸಕ್ಕೆ ಅಂತ ಬಂದಿದ್ದೆ.” ಇಷ್ಟು ಕಷ್ಟಪಟ್ಟು ಬಂದ ಸಮೀಕ್ಷೆಯಲ್ಲಿ ಮೊದಲ ಮನೆಯಲ್ಲೇ ತಪ್ಪು ಲೆಕ್ಕ ಬರೆಸಿದರೆ ಹೇಗೆ?

“ಹೋದ ಮೂವತ್ತು ದಿನದಲ್ಲಿ ಇಲ್ಲಿ ಎಷ್ಟು ದಿನ ಮಲಗಿದ್ದೀರಿ?”

ಹಾಗೆಲ್ಲ ಬಾಯಿಗೆ ಬಂದದ್ದು ಹೇಳುವವನಲ್ಲ ನಾನು. ಈ ನೋಟ್‌ಬುಕ್ಕು ತಂದು, ದಿನ ಹಿಡಿದು, ಬೆರಳಲ್ಲಿ ಎಣಿಸಿದೆ. ಮತ್ತೊಮ್ಮೆ ಎಣಿಸಿದೆ. ಇಪ್ಪತ್ತಾರು.

“ಹದಿನೈದಕ್ಕಿಂತ ಜಾಸ್ತಿ ಇದ್ರೆ ಇಲ್ಲಿಗೇ ಬರುತ್ತೆ ಅಜ್ಜ, ನಿಯಮ.”

ಮತ್ತೆ ನಿಯಮ. ಎಲ್ಲಿ ಹೋದರೂ ಇವರದ್ದೊಂದು ನಿಯಮ. ಗಂಟು ಮುಖ ಹಾಕಿಕೊಂಡು ನಿಂತೆ.

“ಇವರು ನಿಮಗೇನಾಗ್ಬೇಕು?” ಎಂದು ತಂಗಿಯನ್ನು ಕೇಳಿದಳು.

“ಅಣ್ಣ. ದಿನಾ ನಾಳೆ ಹೋಗ್ತೀನಿ ಅಂತಾನೆ, ಅದನ್ನೂ ಬರ್ಕೊಳ್ಳಿ.”

ಅದಕ್ಕೆ ಕಾಲಂ ಇಲ್ಲ ಎಂದಳು ಆ ಹೆಂಗಸು, ನಗದೆ. ನೀರಿಗೆ ಹೌದು, ರಸ್ತೆಗೆ ಹೌದು, ಆಸ್ಪತ್ರೆಗೆ ಹೌದು ಒತ್ತಿಕೊಂಡು ವೆಲ್ಡಿಂಗ್‌ನವನ ಮನೆಗೆ ಹೋದಳು. ಅಲ್ಲಿ ಅವನು ಏನೇನೋ ಹೇಳುತ್ತಿದ್ದದ್ದು ಇಲ್ಲಿಗೆ ಕೇಳುತ್ತಿತ್ತು, ಹೋಗಿ ಸರಿಯಾಗಿ ಬರೆಸಿ ಬಂದೆ.

ಪೇಟೆ ಬೀದಿಯ ಕೋಣೆಯ ಕಿಟಕಿ ಮುಚ್ಚಿದ್ದೆನೋ ಇಲ್ಲವೋ ನೆನಪಿಲ್ಲ. ನಾಳೆ ಬೆಳಿಗ್ಗೆ ಹೋಗಿ ನೋಡಿಕೊಂಡು, ಊಟದ ಹೊತ್ತಿಗೆ ಬಂದುಬಿಡಬೇಕು. ಗೇಟು ಹಾಕಿರದಿದ್ದರೆ.